ಮಡಿಮನೆಯಲ್ಲಿ ಆಮೆಮರಿ

ಮೊನ್ನೆ ಅಟ್ಟದಲ್ಲಿ ಹಪ್ಪಳದ ಡಬ್ಬಿ ಹುಡುಕುತ್ತಿದ್ದಾಗ ಕೈಗೊಂದು ತೆಂಗಿನಮರ ಸಿಕ್ಕಿತು. ಗಾಬರಿಯಾಗಬೇಡಿ, ಗೇಣುದ್ದದ್ದು, ಪ್ಲಾಸ್ಟಿಕ್ಕಿನದು. ಕೋಟದ ನಮ್ಮ ಮನೆಯ ಸುತ್ತ ನಿಜವಾದ ತೆಂಗಿನಮರಗಳೇ ಬೇಕಷ್ಟಿವೆ. ಕಾಯಿ ಕೀಳುವವರು ಸಿಗದೆ, ಮರದ ಕೆಳಗೆ ಹೋಗುವಾಗ ತಲೆಯ ಮೇಲೆ ಕೈಯಿಟ್ಟುಕೊಂಡು ಓಡುವ ಜನ ನಾವು. ಅಂಥವರ ಮನೆಗೂ ಯಾವುದೋ ದೇಶದ ಕಾರ್ಖಾನೆಯಲ್ಲಿ ಅಚ್ಚು ಹಾಕಿದ ಹಸಿರು ತೆಂಗಿನಮರ ಬಂದಿತ್ತೆಂದರೆ ಅದಕ್ಕೆ ಕಾರಣ ವಾಸ್ತು. ಬಂದಾಗ ಆ ಮರದ ಬುಡದಲ್ಲಿ, ಪಾರದರ್ಶಕ ಡಬ್ಬಿಯೊಳಗೆ, ಎರಡು ಆಮೆಮರಿಗಳಿದ್ದವು.

ಮೊದಲು ನಮ್ಮವರ ಬಗ್ಗೆ ಹೇಳಿಬಿಡುತ್ತೇನೆ. ಇವರ ಹೆಸರು ಶ್ರೀಪತಿ, ಊರಿಗೆಲ್ಲ ಅಡಿಗೆ ಭಟ್ರು. ಮದುವೆ, ಉಪನಯನ, ಗೃಹಪ್ರವೇಶಗಳಿಗೆ ಊಟ ಒದಗಿಸುವುದು ಇವರ ಕಸುಬು. ಇವರು ಮಾಡುವ ಹಾಲ್ಬಾಯಿ ಎಂಬ ಸಿಹಿ ತಿಂದವರು ಮದುಮಕ್ಕಳ ಹೆಸರು ಮರೆತರೂ ಹಾಲ್ಬಾಯಿಯನ್ನು ಮರೆಯುವುದಿಲ್ಲ. ನಾನು ಬ್ರಹ್ಮಾವರದ ಒಂದು ಕಾಲೇಜಿನಲ್ಲಿ ಪುಸ್ತಕ ಕಾಯುವವಳು. ಯಾರೂ ಓದದ ಪುಸ್ತಕಗಳ ನಡುವೆ ಕುಳಿತು ಕುಳಿತು, ಎಲ್ಲ ವಿಷಯವೂ ನನಗೆ ಸ್ವಲ್ಪ ಸ್ವಲ್ಪ ಗೊತ್ತು ಎಂಬ ಭ್ರಮೆ ಬಂದಿದೆ. ಮನೆಯ ನಿಜವಾದ ಯಜಮಾನಿ ನಮ್ಮ ಅತ್ತೆ. ಅವರ ಅಡಿಗೆಮನೆಗೆ ನೀರುಳ್ಳಿ ಬಂದದ್ದಿಲ್ಲ. ಬೆಳ್ಳುಳ್ಳಿಯ ಹೆಸರನ್ನು ಅವರು ಬೇರೆಯವರ ಮನೆಯ ಗುಟ್ಟು ಹೇಳುವಂತೆ ತಗ್ಗಿದ ದನಿಯಲ್ಲಿ ಹೇಳುತ್ತಾರೆ.

ಒಂದು ವರ್ಷ ಇವರಿಗೆ ಊಟದ ಆರ್ಡರುಗಳು ಕಡಿಮೆಯಾದವು. ಮಂಗಳೂರಿನ ಕಡೆಯಿಂದ ಕೋಟು ಹಾಕಿಕೊಂಡು ಬಡಿಸುವವರು ಬರತೊಡಗಿದ್ದರು. ಜನ ಬಾಳೆಲೆಯ ಮುಂದೆ ಕುಳಿತುಕೊಳ್ಳುವುದು ಬಿಟ್ಟು, ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವುದೇ ಗೌರವ ಎಂದುಕೊಂಡಿದ್ದರು. ಇವರು ಮುಖ ಸಪ್ಪೆ ಮಾಡಿಕೊಂಡು ಚಾವಡಿಯಲ್ಲಿ ಕುಳಿತಿದ್ದ ಒಂದು ಮಧ್ಯಾಹ್ನ ಮಂಜಣ್ಣ ಬಂದ. ಬೈಂದೂರಿನ ಕಡೆಯವನು, ಇವರ ಶಾಲೆಯ ಗೆಳೆಯ, ಮುಂಬೈಯಲ್ಲಿ ಹೋಟೆಲಿಟ್ಟು ದೊಡ್ಡವನಾದವನು. ಊರಿಗೆ ಬಂದಾಗಲೆಲ್ಲ ಒಂದು ಹೊಸ ನಂಬಿಕೆಯನ್ನೂ ಹೊತ್ತು ತರುತ್ತಾನೆ. ಈ ಸಲ ಕೈಯಲ್ಲಿ ಆ ಡಬ್ಬಿಯಿತ್ತು.

"ಭಟ್ರೆ, ನನ್ ಮಾತ್ ಕೇಣಿ. ಹೋಟ್ಲಿಗೆ ನೊಣ ಬಿಟ್ರೆ ಬೇರೆ ಗಿರಾಕಿ ಇರ್ಲಿಲ್ಲೆ. ಉತ್ರ ದಿಕ್ಕಿಗೆ ಆಮಿ ಮಡ್ಗ್ದೆ ಕಾಣಿ, ಈಗ ಲೈನ್ ಫುಟ್‌ಪಾತ್ ವರೆಗೆ ಹೋತ್ತ್. ಏಕ್‌ದಮ್ ಗ್ಯಾರಂಟಿ."

ಡಬ್ಬಿಯಲ್ಲಿ ಬಿಸ್ಕತ್ತಿನಷ್ಟೇ ದೊಡ್ಡ, ಎಳೆ ಹಸಿರು ಬಣ್ಣದ ಎರಡು ಮರಿಗಳು. ಕಿವಿಯ ಹತ್ತಿರ ಕುಂಕುಮದ ಗೀರು ಎಳೆದಂತೆ ಕೆಂಪು ಪಟ್ಟೆ. ಅತ್ತೆ ಕನ್ನಡಕ ಏರಿಸಿ ಬಗ್ಗಿ ನೋಡಿದರು. ಆ ಕೆಂಪು ಪಟ್ಟೆಯೇ ಅವರಿಗೆ ಸಾಕಾಯಿತು.

"ದಶಾವತಾರದಲ್ ಎರಡ್ನೇದ್ ಮಾಣಿ," ಎಂದರು ಮಗನಿಗೆ. ಐವತ್ತು ದಾಟಿದ ಮಗ ಅವರಿಗೆ ಇನ್ನೂ ಮಾಣಿಯೇ. "ಮನಿಗೆ ತಾನಾಗಿ ಬಂದದ್ದನ್ನ್ ಬ್ಯಾಡ ಅಂಬುಕಾಗ."

ಹೀಗೆ ದೊಡ್ಡು ಮತ್ತು ಸಣ್ಣು ನಮ್ಮ ಮನೆಯವರಾದರು. ಕುಂದಾಪುರದಿಂದ ಒಂದು ಗಾಜಿನ ತೊಟ್ಟಿ ಬಂತು. ಅದನ್ನು ಎಲ್ಲಿಡಬೇಕೆಂದು ಮಂಜಣ್ಣನ ವಾಸ್ತುವಿನವರು ಮೊಬೈಲಿನಲ್ಲಿ ದಿಕ್ಸೂಚಿ ಹಿಡಿಸಿ, ವಿಡಿಯೋ ಕರೆಯಲ್ಲೇ ಹೇಳಿದರು. ನಮ್ಮ ಮನೆಯ ಶುದ್ಧ ಉತ್ತರ ಯಾವುದೆಂದರೆ ಚಾವಡಿಯ ಷೋಕೇಸಿನ ಕೆಳಗಿನ ಖಾನೆ. ಅಲ್ಲಿಗೆ ಸೂರ್ಯ ಬಂದದ್ದೇ ಇಲ್ಲ. ಇವರಿಗೆ ಯಾರೋ ಹೊದಿಸಿದ ಶಾಲುಗಳು, ನನ್ನ ಭಾಷಣ ಸ್ಪರ್ಧೆಯ ಕಪ್ಪು, ಅವುಗಳ ನಡುವೆ ತೊಟ್ಟಿ.

ಆಮೇಲೆ ಊಟದ ವಿಷಯ. ಊಟವೇ ಕಸುಬಾದ ಮನೆಯಲ್ಲಿ ಅದನ್ನು ಚರ್ಚಿಸುವ ಅಗತ್ಯವೇ ಯಾರಿಗೂ ಕಾಣಲಿಲ್ಲ. ಬೆಳಿಗ್ಗೆ ದೇವರಿಗೆ ನೈವೇದ್ಯವಾದ ಅನ್ನ, ಮಧ್ಯಾಹ್ನ ಮೊಸರನ್ನ, ಸಂಜೆಗೆ ಅವಲಕ್ಕಿ. ಮರಿಗಳು ಅನ್ನದ ಅಗುಳನ್ನು ಮೂಸಿ ನೋಡಿ ಮುಖ ತಿರುಗಿಸುತ್ತಿದ್ದವು. "ಬಾಳ ನಾಚ್ಕಿ ಅವಕ್ಕೆ," ಎಂದು ಅತ್ತೆ ಅರ್ಥ ಹೇಳಿದರು. ನಾನು ಲೈಬ್ರರಿಯಲ್ಲಿ ಬಿಡುವು ಮಾಡಿಕೊಂಡು ಮೊಬೈಲಿನಲ್ಲಿ ಓದಿ ಬಂದು ರಾತ್ರಿ ಊಟದ ಹೊತ್ತಿಗೆ ಪ್ರವಚನ ಶುರುಮಾಡಿದೆ. ಮರಿಗಳಿಗೆ ಬಿಸಿಲು ಬೇಕಂತೆ, ನೀರಿನಿಂದ ಹತ್ತಿ ಮೈ ಒಣಗಿಸಲು ಕಲ್ಲು ಬೇಕಂತೆ, ಹುಳವೋ ಮೀನೋ ತಿನ್ನಲು ಬೇಕಂತೆ. ಮೀನು ಎಂಬ ಮಾತು ಬಂದ ಕೂಡಲೇ ಅತ್ತೆ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟರು.

"ನಮ್ಮನಿಗ್ ಬಂದ್ ಮೇಲೆ ನಮ್ಮನಿ ಊಟ. ನೀ ಮದಿಯಾಯಿ ಬಪ್ಪತಿಗೆ ನೀರುಳ್ಳಿ ತಿಂತಿರ್ಲಿಲ್ಯಾ? ಬಿಡ್ಲಿಲ್ಯಾ?"

ಮದುವೆಯಾದ ಮೇಲೂ ನಾನು ಬಿಡದ, ಬ್ರಹ್ಮಾವರದ ಕಾಲೇಜು ಕ್ಯಾಂಟೀನಿನ ನೀರುಳ್ಳಿ ಬಜೆಯ ವಿಷಯವನ್ನು ಆ ಹೊತ್ತಿನಲ್ಲಿ ಎತ್ತುವುದು ನನಗೆ ಸರಿ ಕಾಣಲಿಲ್ಲ. ಆದರೂ ನನ್ನ ಪಾಲಿನ ಸೇವೆ ಇರಲಿ ಎಂದು ಈಗ ಊರಲ್ಲಿಲ್ಲದ ನಮ್ಮ ಮಗಳ ಹಳೆಯ ಓದುವ ದೀಪವನ್ನು ತೊಟ್ಟಿಯ ಮೇಲೆ ಬಾಗಿಸಿಟ್ಟು, ಕೃತಕ ಸೂರ್ಯನ ವ್ಯವಸ್ಥೆ ಮಾಡಿದ್ದೇನೆಂದು ವಾಟ್ಸಾಪಿನಲ್ಲಿ ಫೋಟೋ ಹಾಕಿದೆ. ಕುಟುಂಬದ ಗುಂಪಿನಲ್ಲಿ ಎಲ್ಲರೂ ಕೈಮುಗಿಯುವ ಚಿತ್ರ ಕಳಿಸಿದರು.

ಕೆಲವು ವಾರ ಕಳೆಯುವಷ್ಟರಲ್ಲಿ ಮರಿಗಳ ಕಣ್ಣು ಊದಿಕೊಂಡಿತು. ಮೊದಲು ಸಣ್ಣುವಿನದು, ಆಮೇಲೆ ದೊಡ್ಡುವಿನದು. ಮುಟ್ಟಿದರೆ ಚಿಪ್ಪು ನೀರಿನಲ್ಲಿ ನೆನೆದ ಹಪ್ಪಳದಂತೆ ಒತ್ತಿಕೊಳ್ಳುತ್ತಿತ್ತು. ಫೋಟೋ ನೋಡಿದ ಬಂಧುಗಳು ಒಬ್ಬೊಬ್ಬರಾಗಿ ವೈದ್ಯರಾದರು. ಇವರ ದೊಡ್ಡಪ್ಪನ ಮಗ ಚಿಪ್ಪಿಗೆ ತೆಂಗಿನೆಣ್ಣೆ ತಿಕ್ಕಲು ಹೇಳಿದ. ಸಾಲಿಗ್ರಾಮದ ಚಿಕ್ಕಮ್ಮ ನೀರಿಗೆ ಅರಿಶಿನ ಎಂದರು. ಇನ್ನೊಬ್ಬರು, ಸೀತಾನದಿಗೆ ಬಿಟ್ಟುಬಿಡಿ, ಪುಣ್ಯವೂ ಬರುತ್ತದೆ, ಪೀಡೆಯೂ ಕಳೆಯುತ್ತದೆ ಎಂದರು. ವಾಸ್ತುವಿನವರಿಗೆ ಫೋನು ಮಾಡಿದರೆ, ಆಮೆಗಳ ಮುಖ ಬಾಗಿಲ ಕಡೆಗಿದೆಯೋ ಗೋಡೆಯ ಕಡೆಗಿದೆಯೋ ಎಂದು ಕೇಳಿದರು. ಈಜುವ ಪ್ರಾಣಿಯ ಮುಖವನ್ನು ಒಂದೇ ಕಡೆ ನಿಲ್ಲಿಸುವುದು ಹೇಗೆಂದು ಇವರು ನಿಜವಾಗಿಯೂ ಯೋಚಿಸಿದರು.

ಕೊನೆಗೆ ಒಂದು ಬೆಳಿಗ್ಗೆ, ಅತ್ತೆ ಪೂಜೆಯಲ್ಲಿದ್ದಾಗ, ನಾನು ಮರಿಗಳನ್ನು ಟಿಫಿನ್ ಡಬ್ಬಿಯಲ್ಲಿಟ್ಟು ಇವರನ್ನು ಹೊರಡಿಸಿ ಸ್ಕೂಟರಿನ ಹಿಂದೆ ಕುಳಿತೆ. ಬ್ರಹ್ಮಾವರದಲ್ಲಿ ಒಬ್ಬರು ಪಶುವೈದ್ಯೆ ಇದ್ದಾರೆ. ಹಸು, ನಾಯಿಗಳ ಸಾಲಿನಲ್ಲಿ ಟಿಫಿನ್ ಡಬ್ಬಿ ಹಿಡಿದು ಕುಳಿತ ನಮ್ಮನ್ನು ನೋಡಿ, ಡಾಕ್ಟರಿಗೆ ಊಟ ತಂದವರೆಂದು ಜನ ತಿಳಿದುಕೊಂಡರು.

ಡಾಕ್ಟರು ಒಂದೊಂದೇ ಮರಿಯನ್ನು ಅಂಗೈಯಲ್ಲಿಟ್ಟು ಚಿಪ್ಪನ್ನು ಮೆಲ್ಲಗೆ ಒತ್ತಿ ನೋಡಿದರು.

"ಎಂತ ಹಾಕ್ತಾ ಇದ್ರಿ?"

"ಮೊಸ್ರನ್ನ. ಅವ್ಲಕ್ಕಿ," ಎಂದರು ಇವರು. ಸ್ವಲ್ಪ ಹೆಮ್ಮೆಯಿಂದಲೇ ಸೇರಿಸಿದರು, "ಹಬ್ಬದ್ ದಿನ ಪಾಯ್ಸ."

"ಪಾಯ್ಸ?"

"ಬೆಲ್ಲದ್ದ್ ಡಾಕ್ಟ್ರೆ. ಸಕ್ರಿದಲ್ಲ."

ಡಾಕ್ಟರು ಮರಿಯನ್ನು ಮೆಲ್ಲಗೆ ಡಬ್ಬಿಗೆ ಇಳಿಸಿದರು. ಆಮೇಲೆ ತಾಳ್ಮೆಯಿಂದ ಎಲ್ಲವನ್ನೂ ಹೇಳಿದರು. ಇವು ಹಸಿವಿನಿಂದ ಹೀಗಾಗಿವೆ. ಬೆಳೆಯುವ ಮರಿಗೆ ಸುಣ್ಣದ ಅಂಶ ಬೇಕು, ಅದು ಮೈಗೆ ಹತ್ತಲು ಬೆಳಗಿನ ಬಿಸಿಲು ಬೇಕು. ಗಾಜಿನ ತೊಟ್ಟಿಯನ್ನು ಮಾತ್ರ ಬಿಸಿಲಿಗಿಡಬಾರದು, ಬೆಂದು ಹೋಗುತ್ತವೆ. ಅಗಲ ಪಾತ್ರೆಯಲ್ಲಿ ಅರ್ಧ ನೆರಳು ಮಾಡಿ ಇಡಬೇಕು, ಹತ್ತಿ ಕೂರಲು ಒಂದು ಓರೆ ಕಲ್ಲು. ನೀರು ಗಲೀಜಾಗಲು ಬಿಡಬಾರದು. ಮರಿಯನ್ನು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ನನ್ನ ಓದುವ ದೀಪದ ವಿಷಯ ಕೇಳಿ, "ಅದ್ರ್ ಬೆಳ್ಕಿಗೆ ಅವು ಪುಸ್ತ್ಕ ಓದ್ಲಕ್ಕ್ ಅಷ್ಟೆ," ಎಂದರು. ನದಿಗೆ ಬಿಡುವ ಮಾತಿಗೆ ಮಾತ್ರ ಅವರ ದನಿ ಗಟ್ಟಿಯಾಯಿತು. ಇವು ಹೊರದೇಶದ ಜಾತಿ, ನಮ್ಮ ಹೊಳೆಯಲ್ಲಿ ಬಿಟ್ಟರೆ ಇಲ್ಲಿನ ಆಮೆಗಳ ಅನ್ನ ಕಿತ್ತುಕೊಳ್ಳುತ್ತವೆ, ಸಾಯುವವರೆಗೂ ನೀವೇ ಸಾಕಬೇಕು ಎಂದರು. ಕಣ್ಣಿಗೆ ಮದ್ದು ಹಾಕಿ, ಒಂದು ಚುಚ್ಚುಮದ್ದೂ ಕೊಟ್ಟರು.

"ಇನ್ನ್ ಊಟ. ಸಣ್ಣ ಮೀನ್, ಮುಳ್ಳ್ ಸಮೇತ ಕೊಚ್ಚಿ. ಇಲ್ದಿರೆ ಉಪ್ಪ್ ಹಾಕದ್ ಒಣ ಚಟ್ಲಿ, ನೆನ್ಸಿ. ಆಮಿಯದ್ದೇ ಗುಳ್ಗಿನೂ ಬತ್ತ್, ತರ್ಸಿ ಕೊಡ್ತೆ."

ಚಟ್ಲಿ ಎಂದರೆ ಸಿಗಡಿ.

"ಡಾಕ್ಟ್ರೆ, ಪನೀರ್ ಆತಿಲ್ಯಾ? ಗೋಡಂಬಿ?"

"ಭಟ್ರೆ," ಎಂದರು ಡಾಕ್ಟರು, "ಮದಿ ಊಟ ಅಲ್ಲ ಇದ್."

ಮನೆಗೆ ಬಂದು ಮೀನಿನ ಮಾತನ್ನು ಅತ್ತೆಯ ಮುಂದೆ ಎತ್ತುವ ಧೈರ್ಯ ನಮ್ಮಿಬ್ಬರಿಗೂ ಆಗಲಿಲ್ಲ. ನೀನು ಹೇಳು, ನೀವು ಹೇಳಿ ಎಂದು ತಳ್ಳಾಡುತ್ತಲೇ ದಿನ ಕಳೆಯಿತು. ಮರುದಿನ ಬೆಳಿಗ್ಗೆ ನೈವೇದ್ಯದ ಅನ್ನ ಹಿಡಿದುಕೊಂಡು ಷೋಕೇಸಿನ ಮುಂದೆ ಕುಳಿತ ಅತ್ತೆ ಏಳಲೇ ಇಲ್ಲ. ಹೋಗಿ ನೋಡಿದರೆ, ದೊಡ್ಡು ನೀರಿನಲ್ಲಿ ಕಾಲು ಚಾಚಿಕೊಂಡು ತೇಲುತ್ತಿತ್ತು.

ಅದನ್ನು ಬಸಳೆ ಚಪ್ಪರದ ಪಕ್ಕದಲ್ಲಿ ಹೂಳಿದವರು ಇವರು. ಅತ್ತೆ ದೂರದಲ್ಲಿ ನಿಂತಿದ್ದರು. ಮಧ್ಯಾಹ್ನ ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು. ನಾನು ಎಲೆ ತೆಗೆಯುತ್ತಿದ್ದಾಗ ಹಿಂದಿನಿಂದ ಬಂದು ನಿಂತು ಕೇಳಿದರು.

"ಹೆಣೆ, ನಿನ್ನೆ ಎಲ್ಲಿಗ್ ಹೋದ್ರಿ ಅಂದ್ ನಂಗ್ ಗೊತ್ತಿತ್ತ್. ಡಾಕ್ಟ್ರ್ ಎಂತ ಕೊಡ್ಕ್ ಅಂದ್ರ್?"

ಹೇಳಿದೆ. ಈ ಸಲ ಪ್ರವಚನ ಮಾಡಲಿಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದೆ. ಅತ್ತೆ ಸೆರಗಿನ ತುದಿ ತಿರುಚಿದರು.

"ಹಸದ್ ಸತ್ತದ್ದಾ ಹಂಗಾರೆ? ಊಟ ಹಾಕು ಮನಿ ಒಳ್ಗೆ?" ಎಂದರು. ಮತ್ತೆ ಚಾವಡಿಯ ಕಡೆಗೆ ತಿರುಗಿ, ಇಡೀ ಕೇರಿಗೆ ಕೇಳುವಂತೆ, "ಮಾಣೀ, ಹೋಯಿ ಒಣ ಚಟ್ಲಿ ತಕಂಡ್ ಬಾ!"

ಇವರಿಗೆ ಅದು ಅಪ್ಪಣೆಯೋ ಶಾಪವೋ ತಿಳಿಯಲಿಲ್ಲ. ಸಸ್ಯಾಹಾರಿ ಅಡಿಗೆಯವನೊಬ್ಬ ಒಣಮೀನಿನ ಅಂಗಡಿಯಲ್ಲಿ ಕಾಣಿಸಿಕೊಂಡರೆ ಇದ್ದ ಅರ್ಧ ವ್ಯಾಪಾರವೂ ಮುಗಿದಂತೆ. ಕೋಟದಲ್ಲಿ ಎಲ್ಲರಿಗೂ ಪರಿಚಯ, ಹಂಗಾರಕಟ್ಟೆಯಲ್ಲಿ ಹಾಲ್ಬಾಯಿ ಬಡಿಸಿದ ಮನೆಗಳಿವೆ, ಕುಂದಾಪುರದ ಮಾತೇ ಬೇಡ. ಹಾಗಾಗಿ ಬೈಂದೂರಿನವರೆಗೂ ಸ್ಕೂಟರು ಓಡಿಸಿಕೊಂಡು ಹೋದರು. ಮೋಡವಿಲ್ಲದ ದಿನ ರೇನ್‌ಕೋಟು ತೊಟ್ಟು, ಹೆಲ್ಮೆಟ್ ತೆಗೆಯದೆ, ಒಣಮೀನು ಮಾರುವ ಹೆಂಗಸಿನ ಮುಂದೆ ಹೋಗಿ ನಿಂತು ಬೆರಳು ತೋರಿಸಿದರು.

"ಹ್ವಾಯ್ ಭಟ್ರೆ!" ಎಂದಳಂತೆ ಆಕೆ. "ಹೆಲ್ಮೆಟ್ ಹಾಕಂಡ್ರೆ ಗುತ್ತಾತಿಲ್ಲೆ ಅಂದ್ಕಂಡ್ರ್ಯಾ? ನಮ್ ಮಗ್ಳ್ ಮನಿ ಒಕ್ಲಿಗೆ ಹಾಲ್ಬಾಯಿ ಬಡ್ಸದ್ ನೀವೇ ಅಲ್ದಾ?"

"ಇದ್... ಆಮಿಗೆ," ಎಂದರು ಇವರು ಹೆಲ್ಮೆಟ್ಟಿನೊಳಗಿಂದ. "ಉಪ್ಪ್ ಹಾಕದ್ದ್ ಕೊಡಿ."

"ಆಯ್ತ್, ಆಯ್ತ್, ಆಮಿಗೇ. ಸುಮಾರ್ ಜನ ಬೆಕ್ಕಿಗೆ ಅಂದ್ ತಕಂಡ್ ಹೋತ್ರ್. ಆಮಿ ಅಂದ್ ಹೇಳದ್ ನೀವೇ ಸುರು."

ಪೊಟ್ಟಣಕ್ಕಿಂತ ಮೊದಲೇ ಸುದ್ದಿ ಕೋಟ ಮುಟ್ಟಿತು. ದಾರಿಯಲ್ಲಿ ಕೈತುಂಬ ಮಸಾಲೆಯನ್ನೂ ಹಾಕಿಕೊಂಡಿತು. ಭಟ್ಟರ ಹುಳಿಯ ರುಚಿಯ ಗುಟ್ಟು ಒಣ ಚಟ್ಲಿಯ ಪುಡಿಯಂತೆ ಎಂದು ಶುರುವಾಯಿತು. ಅದೇ ಹುಳಿಯನ್ನು ಮೂರು ಸಲ ಹಾಕಿಸಿಕೊಂಡು ತಿಂದವರೊಬ್ಬರು, ನನಗೆ ಅವತ್ತೇ ವಾಸನೆ ಹೊಡೆದಿತ್ತು ಎಂದರು. ಉಪನಯನವೊಂದಕ್ಕೆ ಹೇಳಿದ್ದವರು ಈಗ ಮನೆಯಲ್ಲೇ ಮಾಡುತ್ತೇವೆ ಎಂದು ಫೋನು ಮಾಡಿದರು. ಸತ್ಯನಾರಾಯಣ ಪೂಜೆಯವರು ಫೋನನ್ನೂ ಮಾಡಲಿಲ್ಲ. ಉಳಿದದ್ದು ಬಾರ್ಕೂರಿನ ಒಂದು ದೊಡ್ಡ ಮದುವೆ ಮಾತ್ರ. ಅದೂ ಹೋದರೆ ಪಾತ್ರೆಗಳನ್ನು ಮಗುಚಿಡುವುದೇ ಎಂದು ಇವರು ಉಗುರು ಕಚ್ಚತೊಡಗಿದರು.

ಅತ್ತೆಗೆ ಇದಾವುದರ ಗೊಡವೆಯೂ ಇರಲಿಲ್ಲ. ಅವರು ಸಣ್ಣುವನ್ನು ಬದುಕಿಸಲು ಹೊರಟಿದ್ದರು. ಉತ್ತರ ದಿಕ್ಕಿನಿಂದ ಅದನ್ನು ಎತ್ತಿಸಿ ಅಂಗಳಕ್ಕೆ ತಂದರು. ಅಗಲದ ಹಳೆಯ ಹರಿವಾಣದಂಥ ಪಾತ್ರೆಗೆ ಬಾವಿಯ ನೀರು, ನಡುವೆ ಓರೆ ಕಲ್ಲು, ಅರ್ಧಕ್ಕೆ ಬಾಳೆಲೆಯ ನೆರಳು. ಕಾಗೆಗಳು ಬಾರದಂತೆ ಅವರೇ ಕೊಡೆ ಹಿಡಿದು ಮಣೆಯ ಮೇಲೆ ಕೂರುತ್ತಿದ್ದರು. ಕಣ್ಣು ಬಿಡದ ಮರಿಗೆ ತಿನಿಸು ಹೇಗೆ ಕಾಣಬೇಕು? ನಾನು ಮದ್ದು ಹಾಕುತ್ತಿದ್ದೆ, ಅವರು ಕಾಯುತ್ತಿದ್ದರು. ಒಂದು ಬೆಳಿಗ್ಗೆ ಎಡಗಣ್ಣು ಸಣ್ಣ ಸೀಳಿನಷ್ಟು ತೆರೆಯಿತು. ಅತ್ತೆ ನೆನೆಸಿದ ಚಟ್ಲಿಯ ಚೂರೊಂದನ್ನು ನೀರಿನಲ್ಲಿ ಆಡಿಸಿದರು. ಸಣ್ಣು ಕತ್ತು ಚಾಚಿ ಗಬಕ್ಕನೆ ಹಿಡಿಯಿತು. "ತಿಂತ್! ಹ್ವಾಯ್, ತಿಂತ್ ಕಾಣಿ!" ಎಂದು ಅತ್ತೆ ಕೂಗಿದ್ದು ಕೇಳಿ, ಇವರು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಓಡಿಬಂದರು.

ಮಡಿಯ ಲೆಕ್ಕವೂ ದಿನದಿಂದ ದಿನಕ್ಕೆ ಬದಲಾಗುತ್ತಿತ್ತು. ಮೊದಲು ಚಟ್ಲಿಯ ಡಬ್ಬಿ ಅಂಗಳದ ಮೂಲೆಯಲ್ಲಿ, ಮಾಡಿನ ತುದಿಗೆ ನೇತಾಡುತ್ತಿತ್ತು. ಇಕ್ಕುಳದಲ್ಲಿ ಹಿಡಿದು ಹಾಕಿ, ಪ್ರತಿ ಸಲವೂ ಸ್ನಾನ. ಶೀತವಾಗಿ ಮೂಗು ಸೋರತೊಡಗಿದ ಮೇಲೆ, ಇಕ್ಕುಳ ಉದ್ದವಿದ್ದರೆ ಕೈಕಾಲು ತೊಳೆದರೆ ಸಾಕೆಂದು ತೀರ್ಮಾನವಾಯಿತು. ಇಕ್ಕುಳದಿಂದ ಜಾರುತ್ತದೆ ಎಂಬ ಕಾರಣಕ್ಕೆ ಬಾಳೆಲೆಯ ಚೂರಿನಲ್ಲಿ ಹಿಡಿಯುವುದು ಬಂತು. ಆಮೇಲೆ ಬಾಳೆಲೆಯೂ ಹೋಯಿತು. ಒಟ್ಟಿನಲ್ಲಿ, ಬಾರ್ಕೂರಿನ ಮದುವೆಮನೆಯವರು ನಮ್ಮ ಗೇಟು ತೆರೆದು ಒಳಗೆ ಬಂದ ದಿನ, ನಮ್ಮ ಅತ್ತೆ ಬರಿಗೈಯಲ್ಲಿ ಒಣ ಚಟ್ಲಿ ಹಿಡಿದುಕೊಂಡು ಅಂಗಳದ ನಡುವೆ ಕುಳಿತಿದ್ದರು.

ಬಂದವರು ಹೆಣ್ಣಿನ ತಂದೆ ಮತ್ತು ತಾಯಿ ಶಾರದಕ್ಕ. ಆತ ಅಂಗಳದಲ್ಲೇ ನಿಂತು ಮೂಗಿಗೆ ಶಾಲು ಹಿಡಿದರು. ಇವರು ಚಾವಡಿಯಿಂದ ಇಳಿದು ಬಂದವರು ಕಂಬ ಹಿಡಿದು ನಿಂತರು.

"ಭಟ್ರೆ, ಜನ ಹೇಳದ್ ಸುಳ್ಳ್ ಅಂದ್ಕಂಡ್ ಬಂದದ್ದ್ ನಾವ್," ಎಂದರು ಆತ. "ಇದೆಂತ ಕಾಂಬುದ್?"

ಉತ್ತರ ಕೊಟ್ಟದ್ದು ಅತ್ತೆ. ಎದ್ದು ನಿಲ್ಲಲೂ ಇಲ್ಲ, ಕೈಯಲ್ಲಿದ್ದುದನ್ನು ಮುಚ್ಚಲೂ ಇಲ್ಲ.

"ಸಮಾ ಕಾಣಿ. ಇದ್ ಇದ್ರ್ ಊಟ, ನಮ್ದಲ್ಲ. ನಿಮ್ ಮಗ್ಳ್ ಮದಿಗೆ ಇದ್ ಬತ್ತಿಲ್ಲೆ. ಇದ್ರದ್ದೇ ಜೊತಿಯದ್ದನ್ನ್ ನಾ ಮೊಸ್ರನ್ನ ಹಾಕಿ ಕೊಂದೆ. ಆಗ ಒಬ್ರೂ ಕೇಂಬುಕೆ ಬರ್ಲಿಲ್ಲೆ."

ಅಷ್ಟರಲ್ಲಿ ಸಣ್ಣು ಕಲ್ಲು ಹತ್ತಿ, ಹಿಂಗಾಲುಗಳನ್ನು ಉದ್ದಕ್ಕೆ ಚಾಚಿ, ಊಟವಾದ ಮೇಲೆ ಜಗಲಿಯಲ್ಲಿ ಬಿದ್ದುಕೊಂಡ ನೆಂಟನಂತೆ ಬಿಸಿಲಿಗೆ ಕಣ್ಣು ಮುಚ್ಚಿತು. ಇವರು ಅತಿಥಿಗಳನ್ನು ಒಳಗೆ ಕರೆದು, ಪಾನಕ ಕೊಟ್ಟು, ಅಡಿಗೆಯ ಪಾತ್ರೆಗಳಿರುವ ಕೋಣೆಯನ್ನು ತೋರಿಸತೊಡಗಿದರು. ಶಾರದಕ್ಕ ಬಾವಿಕಟ್ಟೆ ನೋಡುವ ನೆಪದಲ್ಲಿ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಆಚೀಚೆ ನೋಡಿ ಮೆಲ್ಲಗೆ ಕೇಳಿದರು.

"ಇದ್ರ್ ಕಣ್ಣ್ ಹ್ಯಾಂಗೆ ಸಮಾ ಆಯ್ತ್?"

"ಯಾಕೆ ಶಾರದಕ್ಕ?"

"ನಮ್ಮನಿಯಂಗೂ ಒಂದಿತ್ತ್ ಮಾರಾಯ್ತಿ. ಬೈಂದೂರ್ ಬದಿಯರ್ ಒಬ್ರ್ ತಂದ್ ಕೊಟ್ಟದ್ದ್. ಉತ್ರಕ್ ಮಡ್ಗಿತ್. ಕಣ್ಣೇ ಬಿಡ್ತಿಲ್ಲೆ."

"ಎಂತ ಹಾಕ್ತ್ರಿ?"

ಶಾರದಕ್ಕ ತಲೆ ತಗ್ಗಿಸಿದರು. "ಚಪಾತಿ."

ಮಂಜಣ್ಣ ಊರಿಗೆ ಬಂದಾಗ ಒಂದು ಪೆಟ್ಟಿಗೆ ತುಂಬ ಮರಿಗಳನ್ನು ತಂದಿದ್ದನೆಂಬುದು ನಮಗೆ ತಿಳಿದದ್ದು ಹೀಗೆ. ಬೇಕಾದವರಿಗೆಲ್ಲ ಭಾಗ್ಯ ಹಂಚಿ ರೈಲು ಹತ್ತಿದ್ದ. ನಾನು ಶಾರದಕ್ಕನಿಗೆ ಡಾಕ್ಟರ ವಿಳಾಸ ಹೇಳಿದೆ, ಬಿಸಿಲು, ಕಲ್ಲು ಎಲ್ಲವನ್ನೂ ಹೇಳಿದೆ. ಅತ್ತೆ ಎದ್ದು ಬಂದು, ಒಂದು ಹಿಡಿ ಚಟ್ಲಿಯನ್ನು ಬಾಳೆಲೆಯಲ್ಲಿ ಸುತ್ತಿ, ದಾರ ಕಟ್ಟಿ, ಪ್ರಸಾದದಂತೆ ಅವರ ಚೀಲದಲ್ಲಿಟ್ಟರು. ಗಂಡ ಹೆಂಡತಿ ಕಾರು ಹತ್ತಿದರು. ಕಾರು ಹೆದ್ದಾರಿ ಮುಟ್ಟುವ ಮೊದಲೇ ಶಾರದಕ್ಕ ಫೋನು ಮಾಡಿ, ಮದುವೆಯ ಊಟ ನಿಮ್ಮದೇ, ಹಾಲ್ಬಾಯಿ ಸ್ವಲ್ಪ ಹೆಚ್ಚಿರಲಿ ಎಂದರು. ಹಿಂದಿನಿಂದ ಆತ ಏನೋ ಗೊಣಗುವುದು ಕೇಳುತ್ತಿತ್ತು. ಶಾರದಕ್ಕ, "ನೀವ್ ಸುಮ್ನೆ ಕೂಕಣಿ, ನಮ್ಮನಿದ್ ಬದ್ಕುಕಿಲ್ಯಾ?" ಎಂದರು.

ಮದುವೆ ಚೆನ್ನಾಗಿಯೇ ಆಯಿತು. ಹುಳಿಯ ಬಗ್ಗೆ ಯಾರೂ ಉಸಿರೆತ್ತಲಿಲ್ಲ. ಆದರೆ ಅಡಿಗೆಯ ಚಪ್ಪರದ ಹಿಂದೆ ಇವರನ್ನು ಹುಡುಕಿಕೊಂಡು ಒಬ್ಬೊಬ್ಬರೇ ಬಂದರು. ಒಬ್ಬರು ಪಂಚೆ ಉಟ್ಟ ಹಿರಿಯರು, ಒಬ್ಬರು ಜರಿಸೀರೆಯ ಅಮ್ಮ, ಇನ್ನೊಬ್ಬರು ಅವತ್ತೇ ವಾಸನೆ ಹೊಡೆದಿತ್ತು ಎಂದವರೇ. ಎಲ್ಲರದೂ ಒಂದೇ ಪ್ರಶ್ನೆ: "ಭಟ್ರೆ, ಅದ್ ಇತ್ತಾ?" ಇವರು ಹಾಲ್ಬಾಯಿ ಕೇಳುತ್ತಿದ್ದಾರೆಂದುಕೊಂಡು ಮೊದಲನೆಯವರ ಕೈಗೆ ಎರಡು ತುಂಡು ಇಟ್ಟರಂತೆ. ಆಮೇಲೆ ಅರ್ಥವಾಯಿತು, ಅವರ ಮನೆಗಳಲ್ಲೂ ಮಂಜಣ್ಣನ ಮರಿಗಳಿದ್ದವು, ಬೇಕಾದದ್ದು ಚಟ್ಲಿ. ಅಂದಿನಿಂದ ಇವರು ಬೈಂದೂರಿಗೆ ಹೋಗುವಾಗ ಹೆಲ್ಮೆಟ್ಟನ್ನು ಅಂಗಡಿಯ ಮುಂದೆ ತೆಗೆಯತೊಡಗಿದರು. ಒಣಮೀನಿನ ಹೆಂಗಸು ಈಗ ಇವರನ್ನು ದೂರದಿಂದಲೇ, "ಆಮಿ ಭಟ್ರ್ ಬಂದ್ರ್!" ಎಂದು ಕರೆಯುತ್ತಾಳೆ. ಆರ್ಡರುಗಳು ಮೊದಲಿನಷ್ಟಕ್ಕೆ ಬಂದವು. ಅದು ತನ್ನ ಆಮೆಯ ಮಹಿಮೆ ಎಂದು ಮಂಜಣ್ಣ ಮುಂಬೈಯಿಂದ ಹೇಳುತ್ತಾನೆ. ಅತ್ತೆಯ ಹತ್ತಿರ ಮಾತ್ರ ಹೇಳುವುದಿಲ್ಲ.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಸಣ್ಣು ಈಗ ಊಟದ ತಟ್ಟೆಯಷ್ಟಾಗಿದೆ. ಅದು ಹೆಣ್ಣೆಂದು ಡಾಕ್ಟರು ಹೇಳಿದ್ದಾರೆ. ಅಂಗಳದ ಮೂಲೆಯಲ್ಲಿ ಇವರು ಕಟ್ಟಿಸಿಕೊಟ್ಟ ಸಿಮೆಂಟಿನ ತೊಟ್ಟಿ, ಮೇಲೆ ಬಲೆ, ನಡುವೆ ದೊಡ್ಡ ಕಲ್ಲು. ಇತ್ತೀಚೆಗೆ ಅದರ ನಡತೆ ಬದಲಾಗಿದೆ. ಈ ಜಾತಿಯ ಆಮೆಗಳು ದೊಡ್ಡವಾದಂತೆ ಮೀನು ಕಡಿಮೆ ಮಾಡಿ ಸೊಪ್ಪುಸದೆಯ ಕಡೆಗೆ ತಿರುಗುತ್ತವಂತೆ. ಇದನ್ನು ನಾನು ಓದಿ ತಿಳಿದಿದ್ದೆ, ಊಟದ ಹೊತ್ತಿಗೆ ಹೇಳಿಯೂ ಇದ್ದೆ, ಎಂದಿನಂತೆ ಯಾರೂ ಕೇಳಿಸಿಕೊಂಡಿರಲಿಲ್ಲ.

ನಿನ್ನೆ ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದಾಗ ನೋಡಿದೆ. ಅತ್ತೆ ತೊಟ್ಟಿಯ ಅಂಚಿನಲ್ಲಿ ಕುಳಿತು, ಬೆರಳ ತುದಿಯಲ್ಲಿ ಒಳ್ಳೆಯ ಚಟ್ಲಿಯೊಂದನ್ನು ಹಿಡಿದು ಅದರ ಮೂಗಿನ ಮುಂದೆ ಆಡಿಸುತ್ತಿದ್ದರು. ಸಣ್ಣು ಮೂಸಿ ನೋಡಿತು. ಕತ್ತನ್ನು ನಿಧಾನವಾಗಿ ಪಕ್ಕಕ್ಕೆ ತಿರುಗಿಸಿ, ನಾನು ಹಾಕಿದ್ದ ಹರಿವೆ ಸೊಪ್ಪಿನ ಕಡೆಗೆ ಈಜಿಹೋಗಿ ಗಂಭೀರವಾಗಿ ಮೇಯತೊಡಗಿತು. ಅತ್ತೆ ಚಟ್ಲಿಯನ್ನು ಹಿಡಿದ ಕೈಯನ್ನು ಹಾಗೆಯೇ ಮುಂದೆ ಚಾಚಿಕೊಂಡು, ಮಾತು ಕೇಳದ ಮೊಮ್ಮಗಳನ್ನು ಗದರುವಂತೆ ಗದರಿದರು.

"ನಿನ್ ಸಲ್ವಾಗಿ ನಾ ಮಡಿ ಬಿಟ್ಟೆ. ಈಗ ನೀ ಮಡಿ ಹಿಡಿತ್ಯನೆ?"